ಹುಣಸೆ ಬಡಿಯುವವರೆಗೆ

ಇದನ್ನು ಬರೆಯಲು ಕೂತು ಎಷ್ಟು ಸಲ ಎದ್ದುಹೋಗಿದ್ದೇನೋ. ಎಡಗಣ್ಣು ಈಗಾಗಲೇ ಮಂಜಾಗಿದೆ. ಇನ್ನು ಮುಂದಕ್ಕೆ ಹಾಕಲಾರೆ.

ನಾನು ಹತ್ತನೇ ತರಗತಿ ಪಾಸಾಗಿ ಲೈನ್‌ಮನ್ ಆದವನು. ಕೂಡ್ಲಿಗಿ, ಕೊಟ್ಟೂರು ಕಡೆಯ ಹಳ್ಳಿಗಳಲ್ಲೇ ಸರ್ವಿಸ್ ಮುಗಿಯಿತು. ಸಂಕ್ರಾಂತಿ ಕಳೆದರೆ ನಮ್ಮ ಗುಡ್ಡದ ಹುಲ್ಲು ಒಣಗಿ ಕಾಗದದಂತಾಗುತ್ತದೆ. ಗಾಳಿಗೆ ಕೊಂಬೆ ತಂತಿಗೆ ಬಡಿದರೆ ಕಿಡಿ ಉದುರಿ ಹುಲ್ಲು ಹೊತ್ತಿಕೊಳ್ಳುತ್ತದೆ. ಅದಕ್ಕೇ ಮೊದಲೇ ಕೊಂಬೆ ಕಡಿಸಬೇಕು. ಆದರೆ ಹುಣಸೆ ಹಣ್ಣಾಗುವುದೂ ಅದೇ ಹೊತ್ತಿಗೆ. "ಹಣ್ಣು ಬಡಿಯೋ ತನಕ ತಡೀರಿ ಸಾಹೇಬ್ರ" ಎಂದು ಎಲ್ಲರೂ ಅಡ್ಡ ನಿಲ್ಲುತ್ತಿದ್ದರು. ನಾನು ಕೇಳುತ್ತಿರಲಿಲ್ಲ, ಕಡಿಸಿಯೇ ಬರುತ್ತಿದ್ದೆ. ಒಬ್ಬ ಮುದುಕಿ ಪೊರಕೆ ಹಿಡಿದು ಓಡಿಸಿದ್ದೂ ಉಂಟು.

ಒಂದು ಮರ ಮಾತ್ರ ಬಿಟ್ಟೆ. ಗುಡ್ಡದ ಬುಡದ ನಮ್ಮದೇ ಹೊಲದ ಹುಣಸೆ. ಆ ವರ್ಷ ಎಲೆ ಕಾಣದಷ್ಟು ಕಾಯಿ ಬಿಟ್ಟಿತ್ತು. "ಇನ್ನ ಹದಿನೈದು ದಿನ" ಅಂದಳು ಹೆಂಡತಿ. ಹೂಂ ಅಂದೆ.

ಹೊಲದ ಆಚೆ ನನ್ನ ಬಾಲ್ಯದ ಗೆಳೆಯನ ಕುರಿರೊಪ್ಪವಿತ್ತು, ಮುಳ್ಳುಬೇಲಿ ಕಟ್ಟಿದ ದೊಡ್ಡಿ. ಒಂದು ಬೆಳಿಗ್ಗೆ ಅವನು ಬೀಡಿ ಸೇದುತ್ತ ಮರ ನೋಡಿ ನಕ್ಕ.

"ಊರ ಗಿಡ ಎಲ್ಲಾ ಬೋಳಿಸ್ತಿ. ನಿನ್ನ ಗಿಡದ ಜುಟ್ಟು ಮಾತ್ರ ಹಂಗ ಬಿಟ್ಟೀಯಲ್ಲಲೇ. ಹರಕಿ ಹೊತ್ತೀಯೇನು?"

"ಬಡಿದ ಮ್ಯಾಲೆ ಕಡೀತೀನಿ, ಸುಮ್ನಿರಲೇ."

"ಗಾಳಿಗೂ ಹೇಳೀಯೇನು, ತಡಿ ಅಂತ?"

ನಾಲ್ಕು ದಿನಕ್ಕೆ ಗಾಳಿ ಎದ್ದಿತು. ಮಧ್ಯಾಹ್ನ ಲೈನ್ ಟ್ರಿಪ್ ಆಗಿ ಕರೆಂಟು ಹೋಗಿದೆ ಎಂದು ಸಬ್‌ಸ್ಟೇಷನ್ನಿನಿಂದ ಫೋನು. ನಾನು ಹೋಗುವಷ್ಟರಲ್ಲಿ ಬೆಂಕಿ ಬದು ದಾಟಿ ಗುಡ್ಡ ಏರುತ್ತಿತ್ತು. ಜನ ಹಸಿ ಸೊಪ್ಪು ಹಿಡಿದು ಅತ್ತ ಓಡುತ್ತಿದ್ದರು. ನಾನು ಮರ ಏರಿದೆ. ತಂತಿಗೆ ಬಡಿದ ಕೊಂಬೆಯ ತುದಿ ಸುಟ್ಟು ಕರ್ರಗಾಗಿತ್ತು. ಅದನ್ನು ಕಡಿದು, ಎಳೆದೊಯ್ದು ಉರಿಯುವ ಹುಲ್ಲಿಗೇ ಎಸೆದೆ. ಮತ್ತೆ ಮರ ಏರಿ ಕಡಿದ ಗಾಯಕ್ಕೆ ಮಣ್ಣು ಮೆತ್ತಿದೆ. ಯಾರೂ ನೋಡಲಿಲ್ಲ.

ಬೆಂಕಿ ಗೆಳೆಯನ ರೊಪ್ಪಕ್ಕೂ ಹಬ್ಬಿತು. ದೊಡ್ಡ ಕುರಿಗಳು ಮೇಯಲು ಹೋಗಿದ್ದವು. ರೊಪ್ಪದಲ್ಲಿ ಕೂಡಿಹಾಕಿದ್ದ ಎಳೆಮರಿಗಳಲ್ಲಿ ಒಂದೂ ಉಳಿಯಲಿಲ್ಲ. ಅವನು ಓಡಿಬಂದು ಉರಿಯುವ ಮುಳ್ಳುಬೇಲಿಯನ್ನು ಬರಿಗೈಲಿ ಕಿತ್ತ.

ಸಂಜೆ ಫಾರೆಸ್ಟಿನವರು ಬಂದರು. ಹೊಸ ಚಿಗುರು ಬರಲಿ ಎಂದು ಕುರಿಯವರು ಹುಲ್ಲು ಸುಡುವುದು ನಮ್ಮ ಕಡೆ ಇದ್ದದ್ದೇ. ಅನುಮಾನ ನೇರ ಅವನ ಮೇಲೆ ಹೋಯಿತು.

"ನಾ ಯಾಕ ಸುಡ್ಲಿರಿ? ನನ್ನ ಮರಿ ಅಲ್ಲೇ ಇದ್ವು," ಅಂದ. ಆಮೇಲೆ ನನ್ನ ಕಡೆ ತಿರುಗಿದ. "ನೀ ಹೇಳಲೇ. ಗಿಡ ಏನಾರ ತಂತಿಗೆ ತಾಗಿತ್ತೇನು?"

"ಇಲ್ಲ. ಲೈನ್ ಸರಿ ಐತಿ," ಅಂದೆ.

ಅವನು ಜಗಳ ತೆಗೆಯಬಹುದಿತ್ತು, ತೆಗೆಯಲಿಲ್ಲ. ನಂಬಿಬಿಟ್ಟ. "ಹಂಗಾರ ನನ್ನ ಬೀಡಿನೇ ಇರಬೇಕು. ಎಲ್ಲಿ ಒಗದೆ, ನೆನಪಿಲ್ಲ," ಎಂದು ತಾನೇ ಒಪ್ಪಿಕೊಂಡ. ಕೇಸಾಯಿತು. ಊರು ಬಾಯಿಗೆ ಬಂದಂತೆ ಆಡಿತು. ಉಳಿದ ಕುರಿ ಮಾರಿ ಗಂಡ ಹೆಂಡತಿ ತಂಬ್ರಹಳ್ಳಿ ಕಡೆ ಕೂಲಿಗೆ ಹೋದರು. ನಾನು ಸರ್ವಿಸ್ ಮುಗಿಸಿ ಹಾರ ಹಾಕಿಸಿಕೊಂಡು ಮನೆಗೆ ಬಂದೆ.

ಹೋದ ವರ್ಷ ಅವನು ತೀರಿಕೊಂಡ. ಹೇಳಿಯೇಬಿಡಬೇಕೆಂದು ಮೂರನೇ ದಿನ ಹೋದೆ. ಅವನ ಹೆಂಡತಿ ಚಹಾ ತಂದುಕೊಟ್ಟಳು.

"ನೀವಾದ್ರೂ ಬಂದ್ರಲ್ರಿ ಅಣ್ಣಾರ. ಮರಿ ನಾನೇ ಸುಟ್ಟೆ, ನಾನೇ ಸುಟ್ಟೆ ಅಂತ ನಿದ್ದ್ಯಾಗೂ ಅಂತಿದ್ರು. ನಾನೂ ಸಿಟ್ಟು ಬಂದಾಗ ಅದನ್ನೇ ಎತ್ತಿ ಆಡೀನಿ. ಆಡಬಾರದಿತ್ತು." ಸೆರಗು ಬಾಯಿಗಿಟ್ಟು ಅತ್ತಳು.

ತಾನು ಗಂಡನನ್ನು ಅಂದದ್ದು ಅವನು ಮಾಡದ ತಪ್ಪಿಗೆ ಎಂದು ಅವಳಿಗೆ ಗೊತ್ತೂ ಇರಲಿಲ್ಲ. ಗೊತ್ತಿದ್ದವನು ನಾನೊಬ್ಬನೇ. ಚಹಾ ಕುಡಿದೆ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದುಬಂದೆ.

ಅವನ ಕ್ಷಮೆಯನ್ನಂತೂ ಇನ್ನು ಕೇಳಲಾಗದು. ನಾನು ಕ್ಷಮೆ ಕೇಳಬೇಕಾದವಳು, ಎದುರಿಗೇ ಕೂತಿದ್ದರೂ ಕೇಳದೆ ಬಂದವಳು, ಇನ್ನೂ ಬದುಕಿದ್ದಾಳೆ. ನನ್ನನ್ನು ಅಣ್ಣ ಎನ್ನುವ ಅವನ ಹೆಂಡತಿ.