ಪೈಲ್ವಾನನಿಗೆ ಮನೆ ನೋಡಿದ ಗಿರಿಜವ್ವ

ಹಾಂ, ಗಿರಿಜವ್ವನ ಕಸುಬು ಏನು ಅನ್ನೋದನ್ನೇ ಹೇಳಲು ಮರೆತಿದ್ದೆ ನೋಡಿ. ಬೇಡಕಿಹಾಳದ ಈ ಅವ್ವ ಹೊಟ್ಟೆ ಹೊರೆಯುವುದು ತಾನು ಎತ್ತಿ ತಂದು ಸಾಕುವ ನಾಯಿಗಳಿಂದಲ್ಲ, ಹೆಣ್ಣು-ಗಂಡು ಜೋಡಿಸುವುದರಿಂದ. ಚಿಕ್ಕೋಡಿಯಿಂದ ಅಥಣಿಯವರೆಗೆ ಅವಳಷ್ಟು ಚೆಂದವಾಗಿ ಸುಳ್ಳು ಹೇಳುವವರು ಇನ್ನೊಬ್ಬರಿರಲಿಲ್ಲ. ತೊದಲುವ ಹುಡುಗನನ್ನು ‘ಮಾತ ಕಮ್ಮಿ, ಭಾರಿ ಗಂಭೀರ’ ಎಂದು ದಾಟಿಸಿದ್ದಾಳೆ. ಇಸ್ಪೀಟು ಬಿಟ್ಟೇಳದವನನ್ನು ‘ಕುಂತಲ್ಲೇ ಲೆಕ್ಕಾ ಮಾಡೂ ತಲಿ’ ಎಂದು ದಾಟಿಸಿದ್ದಾಳೆ. ಆದರೆ ನಾಯಿಗೆ ಮನೆ ಹುಡುಕುವಾಗ ಮಾತ್ರ ಅದೇ ಬಾಯಿಂದ ಒಂದು ಸುಳ್ಳೂ ಹೊರಡುತ್ತಿರಲಿಲ್ಲ. ಎಲ್ಲ ತಾಪತ್ರಯ ಇದ್ದದ್ದು ಅಲ್ಲೇ.

ಎಂಬತ್ತರ ದಶಕದಲ್ಲಿ ಅಂಟಿದ ಚಟ ಇದು. ಕಬ್ಬಿನ ಹಂಗಾಮಿನಲ್ಲಿ ಉಗಾರದ ದಾರಿಯ ತುಂಬ ಟ್ರ್ಯಾಕ್ಟರುಗಳು, ಒಂದೊಂದರ ಹಿಂದೆ ಎರಡು ಟ್ರಾಲಿ. ಅವುಗಳಡಿ ಸಿಕ್ಕು ಕಾಲು ಮುರಿದ, ಕಣ್ಣು ಹೋದ ನಾಯಿಗಳನ್ನು ಗಿರಿಜವ್ವ ಎತ್ತಿ ತರುತ್ತಾಳೆ, ಔಷಧ ಮಾಡುತ್ತಾಳೆ, ಮನೆ ಹುಡುಕುತ್ತಾಳೆ. ಮೂರು ಕಾಲಿನದೊಂದು ನಿಪ್ಪಾಣಿಯ ತಂಬಾಕು ಗೋದಾಮು ಸೇರಿತು. ಕುರುಡಿಯೊಂದು ಕೊಕಟನೂರಿನ ಮುದುಕಿಯ ಮಡಿಲೇರಿತು.

ತೊಂಬತ್ತೊಂದರಲ್ಲಿ ಬಂದವನು ಪೈಲ್ವಾನ. ಅಗಲ ಎದೆಯ, ದಪ್ಪ ಕುತ್ತಿಗೆಯ ಗಂಡು ನಾಯಿ. ತಲೆಗೆ ಬಿದ್ದ ಪೆಟ್ಟು ಮಾಯಿತು, ಆದರೆ ಮೂರ್ಛೆ ರೋಗ ಉಳಿಯಿತು. ಒಂದು ದಿನ ಪಕ್ಕದ ಮನೆಯ ಧರೆಪ್ಪನ ಅಂಗಳದಲ್ಲಿ ಬಿದ್ದು, ಕೈಕಾಲು ಬಡಿದು, ನೊರೆ ಕಾರಿತು. ಓಣಿಯೆಲ್ಲ ಕೂಡಿತು.

“ಗಿರಿಜಕ್ಕಾ, ಇದಕ್ಕ ಹುಚ್ಚ ಹಿಡದೈತಿ. ಬರೂ ಸಂತಿ ಒಳಗ ಊರ ಬಿಡಸು. ಇಲ್ಲಾಂದ್ರ ನಾವು ಬಡಗಿ ತಗೊಂಡ ಬಡದ ಹಾಕತೀವಿ,” ಅಂದ ಧರೆಪ್ಪ.

“ಹುಚ್ಚಲ್ಲೋ, ಮೂರ್ಛಿ! ಚಿಕ್ಕೋಡಿ ದನದ ಡಾಕ್ಟರ್ ಗುಳಿಗಿ ಕೊಟ್ಟಾನ.”

“ಹಂಗಾರ ಡಾಕ್ಟರ್ ಮನ್ಯಾಗ ಕಟ್ಟಿ ಬಾ.”

ಸಂತೆಯ ಹಿಂದಿನ ದಿನ ಗಿರಿಜವ್ವ ತಮ್ಮ ರಾಜಾರಾಮನ ಟೆಂಪೋಕ್ಕೆ ನಾಯಿ ಹತ್ತಿಸಿದಳು. ಕಾಗವಾಡದ ಭಾವುಸಾಹೇಬರಿಗೆ ದ್ರಾಕ್ಷಿ ತೋಟ ಕಾಯಲು ನಾಯಿ ಬೇಕಿತ್ತು. ಪೈಲ್ವಾನನ ಎದೆ ನೋಡಿಯೇ ಅವರು ಒಲಿದುಬಿಟ್ಟರು.

“ಭಾರಿ ಐತ್ರಿ! ಇಲ್ಲೇ ಬಿಟ್ಟ ಹೋಗ್ರಿ.”

“ತಡೀರಿ ಸಾವಕಾರ್ರ. ಇದು ಆಗಾಗ ಬೀಳತೈತಿ. ನೊರಿ ಬರ್ತೈತಿ, ಬಿದ್ದಲ್ಲೇ ಉಚ್ಚಿ ಹೊಯ್ಕೊತೈತಿ.”

“ಕುಡದ ಬಂದ್ರ ನಮ್ಮ ಕಾಕಾನೂ ಹಂಗ ಮಾಡ್ತಾನ್ರಿ. ಇನ್ನೊಬ್ಬಾಂವ ಬ್ಯಾಡ,” ಎಂದು ಭಾವುಸಾಹೇಬರು ಕೈಮುಗಿದರು.

ಟೆಂಪೋ ಹತ್ತುತ್ತಲೇ ರಾಜಾರಾಮ ಹರಿಹಾಯ್ದ. “ಬಾಯಿ ಮುಚಗೊಂಡ ಕುಂದರಾಕ ಏನಾಗಿತ್ತ ನಿನಗ? ಗಂಡಸರ ಖೋಡಿ-ಐಬು ಎಲ್ಲಾ ಮುಚ್ಚತಿ, ನಾಯಿದ ಅಷ್ಟ ಬಿಚ್ಚತಿ!”

“ಗಂಡಸಿಗೆ ಬಾಯಿ ಐತಲೇ, ಸಿಕ್ಕಬಿದ್ರ ಏನರೆ ಬೊಗಳತಾನ. ಇದು ಏನ್ ಹೇಳತೈತಿ? ಗೊತ್ತಿಲ್ಲದವರ ಮನ್ಯಾಗ ಬಿತ್ತಂದ್ರ ಅವತ್ತ ಬಡದ ಕೊಲ್ಲತಾರ. ಬೀಳೂದ ನೋಡಿದವರ ಮನಿ ಬೇಕ ಇದಕ್ಕ.” ಹಾಗೆಂದವಳಿಗೆ ತನ್ನ ಮಾತಿನಿಂದಲೇ ತಟ್ಟನೆ ಒಂದು ಮನೆ ನೆನಪಾಯಿತು. “ರಾಯಬಾಗಕ್ಕ ಹೊಡಿ,” ಅಂದಳು.

ರಾಯಬಾಗದ ಕಸ್ತೂರೆವ್ವನ ಮಗ ಬಾಹುಬಲಿಗೂ ಮೂರ್ಛೆ. ಅದನ್ನು ಮುಚ್ಚಿಟ್ಟು ಗಿರಿಜವ್ವ ಮಾಡಿಸಿದ್ದ ಎರಡು ನಿಶ್ಚಿತಾರ್ಥಗಳು ಮುರಿದಿದ್ದವು. ಅಂಥ ಮನೆಗೆ ಹೇಗೆ ಹೋಗಬೇಕೆಂದು ಯಾರಾದರೂ ಯೋಚಿಸುತ್ತಾರೆ. ಈ ಪುಣ್ಯಾತ್ಗಿತ್ತಿ ಬಾಗಿಲಲ್ಲೇ ನಿಂತು ರೂಢಿಯ ಮಾತನ್ನೇ ಆಡಿದಳು. “ಕಸ್ತೂರೆವ್ವಾ, ನಿಮ್ಮ ಮನಿಗೆ ತಕ್ಕಂಥದೊಂದು ತಂದೇನಿ!”

ಮುಗಿಯಿತು. ಗಿರಿಜವ್ವ ತರುವುದೆಂದರೆ ಸಂಬಂಧವೇ ತಾನೆ? ಒಲೆ ಮೇಲೆ ಶಿರಾ ಏರಿತು. ಮೂವತ್ತು ಮುಟ್ಟಿದ ಬಾಹುಬಲಿ ಇಸ್ತ್ರಿ ಪೈಜಾಮ ತೊಟ್ಟು, ಪೌಡರ್ ಬಡಿದುಕೊಂಡು ಬಂದು ಕೂತ. ಗಿರಿಜವ್ವ ಎರಡು ಬಟ್ಟಲು ಶಿರಾ ಹೊಡೆದಳು, ಅವಳಿಗೆ ಇನ್ನೂ ಏನೂ ಹೊಳೆದಿಲ್ಲ!

“ಮನೆತನ ಯಾವ ಊರಾಗಿಂದ್ರಿ?” ಕೇಳಿದಳು ಕಸ್ತೂರೆವ್ವ.

“ಉಗಾರ ದಾರ್ಯಾಗ ಸಿಕ್ಕಿದ್ದ. ಹೊರಗ ಟೆಂಪೋದಾಗ ಕಟ್ಟೇನಿ.”

ಕಸ್ತೂರೆವ್ವ ಹೊರಗೆ ಇಣುಕಿದಳು. ಪೈಲ್ವಾನ ಬಾಲ ಅಲ್ಲಾಡಿಸಿದ. ಅವನಿಗೂ ಮೂರ್ಛೆಯೆಂದು ಗಿರಿಜವ್ವ ಹೇಳಿದಾಗ ಕಸ್ತೂರೆವ್ವನ ಕೈಯ ಸೌಟು ಮೇಲೆದ್ದಿತು. “ನನ್ನ ಮಗಗ ನಾಯಿ ಜೋಡಿ ಮಾಡಾಕ ಬಂದಿ ಏನ? ಎದ್ದ ನಡಿ! ತಿಂದ ಶಿರಾ ಇಲ್ಲೇ ಕಕ್ಕಿ ಹೋಗ!”

ಗಿರಿಜವ್ವನ ಮುಖ ಇಳಿಯಿತು. “ತಪ್ಪಾತು ಕಸ್ತೂರೆವ್ವಾ. ನಾಳೆ ಇದನ್ನ ಕೊಲ್ಲತಾರ. ಬೇರೆ ಮನಿ ನೆನಪಾಗಲಿಲ್ಲ.”

ಬಾಹುಬಲಿ ಆಗಲೇ ಟೆಂಪೋ ಹತ್ತಿರ ಇದ್ದ. “ಬೀಳೂ ಮೊದಲ ಏನ್ ಮಾಡತಾನ್ರಿ ಇವ?”

“ಒಂದ ಕಡೆ ನೋಡ್ಕೊಂತ ನಿಲ್ಲತಾನ. ಆಮ್ಯಾಲ ಮೂಲಿ ಹುಡುಕತಾನ.”

“ಗುಳಿಗಿ?”

ಗಿರಿಜವ್ವ ಸೆರಗಿನ ಗಂಟು ಬಿಚ್ಚಿದಳು. ಬಾಹುಬಲಿ ನೋಡಿ ನಕ್ಕೇಬಿಟ್ಟ. “ಅವ್ವಾ, ನನ್ನದ ಗುಳಿಗಿ!”

“ಒಬ್ಬನ್ನ ಸಂಭಾಳಸೂದ ಸಾಕಾಗೇತಿ ನನಗ,” ಎಂದಳು ತಾಯಿ.

“ಅಲ್ಲಬೇ, ಇಬ್ಬರೂ ಕೂಡೇ ಬೀಳತೀವೇನ? ಒಬ್ಬಾಂವ ಬಿದ್ದಾಗ ಇನ್ನೊಬ್ಬಾಂವ ಕಾಯತಾನ.” ಹಗ್ಗ ಬಿಚ್ಚುತ್ತಲೇ ಅವನು ಗಿರಿಜವ್ವನ ಕಡೆ ತಿರುಗಿದ. “ಇವನ್ನ ಇಟ್ಕೋತೀನ್ರಿ. ಆದ್ರ ಇನ್ಮ್ಯಾಲ ಕನ್ಯಾದವರ ಮುಂದ ನಂದೂ ಹಿಂಗ ಹೇಳ್ರಿ. ಮೊದಲ, ಎಲ್ಲಾ.”

ಕಸ್ತೂರೆವ್ವ ಒಳಗೆ ಹೋದಳು. ತಿರುಗಿ ಬಂದಾಗ ಕೈಯಲ್ಲಿ ಹಳೆಯ ಅಲ್ಯುಮಿನಿಯಂ ತಾಟು, ಅದರಲ್ಲಿ ರೊಟ್ಟಿ-ಹಾಲು. ನಾಯಿಯ ಮುಂದೆ ಕುಕ್ಕಿ, “ತಿನ್ನು ಸುಡಗಾಡ,” ಅಂದಳು.

ಗಿರಿಜವ್ವ ಬಾಹುಬಲಿ ಹೇಳಿದಂತೆಯೇ ನಡೆದಳು. ಹಲವು ಮನೆಗಳಲ್ಲಿ ಬೈಸಿಕೊಂಡಳು. ಕೊನೆಗೆ ಅಥಣಿ ಕಡೆಯ ಒಂದು ಮನೆಯವರು, ‘ಗುಳಿಗಿ ತಪ್ಪದ ತಗೋತಾನಿಲ್ಲೋ?’ ಎಂದಷ್ಟೇ ಕೇಳಿ ಹೆಣ್ಣು ಕೊಟ್ಟರು. ರಾಜಾರಾಮನಿಗೆ ಮಾತ್ರ ಇನ್ನೂ ಸಿಟ್ಟು. ಅಂದಿನಿಂದ ಅಕ್ಕ ಮನುಷ್ಯರ ಬಗ್ಗೆಯೂ ನಿಜ ಹೇಳತೊಡಗಿ, ವ್ಯಾಪಾರ ಅರ್ಧಕ್ಕೆ ಇಳಿದಿದೆಯಂತೆ.

ಈಗ ಅವಳ ಅಂಗಳದಲ್ಲಿ ಹಿಂಗಾಲು ಎಳೆಯುವ ಒಂದು ಹೆಣ್ಣು ನಾಯಿ, ಉಬ್ಬಸದ ಒಂದು ಮುದಿ ಗಂಡು ನಾಯಿ ಇವೆ. ಅವುಗಳ ರೋಗವನ್ನೆಲ್ಲ ಅವಳು ಬಾಯಿಪಾಠ ಒಪ್ಪಿಸುವುದನ್ನು ನೀವು ಕೇಳಲೇಬೇಕು. ನಿಪ್ಪಾಣಿಯಿಂದ ಬಸ್ಸು ಹಿಡಿಯಿರಿ, ಬೇಡಕಿಹಾಳದಲ್ಲಿ ಇಳಿದು ಗಿರಿಜವ್ವನ ಮನೆ ಯಾವುದು ಎಂದು ಕೇಳಿ, ಒಮ್ಮೆ ಅವಳನ್ನು ಕಂಡು ಬನ್ನಿ.