ಇಮಾಮ್ ಕಾಕಾನ ಮೇಲ್ಮನವಿ

‘ಇದನ್ನೊಂದೀಟ ಓದ್ರಿ. ಎಲ್ಲಾರೂ ಓದ್ಯಾರ, ಯಾರೂ ಖರೇ ಹೇಳವಲ್ರು.’

ಎರಡು ತಿಂಗಳ ಹಿಂದೆ ಗುಡಗೇರಿ ಸಂತೆಯಲ್ಲಿ ಇಮಾಮ್ ಕಾಕಾ ನನ್ನ ಕೈಗೆ ಮೊಬೈಲು ಕೊಟ್ಟರು. ಎತ್ತುಗಳಿಗೆ ಲಾಳ ಕಟ್ಟುತ್ತಲೇ ತಲೆ ಹಣ್ಣಾದ ಮನುಷ್ಯ. ಇಂಗ್ಲಿಷಿನಲ್ಲಿ ನೋಟಿಸ್. ಓದಿದೆ. ಉಳಿದವರು ಯಾಕೆ ಹೇಳಲಿಲ್ಲವೆಂದು ತಿಳಿಯಿತು.

‘ನೀವು ದನಕ್ಕ ಹಿಂಸಾ ಕೊಡ್ತೀರಿ ಅಂತ ಬರದಾರ್ರಿ ಕಾಕಾ.’

ಕಾಕಾ ತಮ್ಮ ಕೆಲಸದ ವಿಡಿಯೊ ಆನ್‌ಲೈನಿನಲ್ಲಿ ಹಾಕುತ್ತಾರೆ (ಫಾಲೋವರ್ಸ್ ನನಗಿಂತ ಜಾಸ್ತಿ, ಹೊಟ್ಟೆಕಿಚ್ಚು ಇದ್ದೇ ಇದೆ). ಲಾಳ ಕಟ್ಟಬೇಕೆಂದರೆ ಎತ್ತನ್ನು ಹಗ್ಗ ಹಾಕಿ ಕೆಡವಿ, ಕಾಲು ಬಿಗಿದು, ಗೊರಸಿಗೆ ಮೊಳೆ ಹೊಡೆಯಬೇಕು. ನಮಗದು ಡಾಂಬರು ರಸ್ತೆಯಲ್ಲಿ ಎತ್ತಿನ ಕಾಲು ಸವೆಯದಿರಲೆಂಬ ಚಪ್ಪಲಿ. ಎಲ್ಲೋ ಕೂತ ಆ ವಿಡಿಯೊ ಕಂಪನಿಯ ಕಂಪ್ಯೂಟರಿಗೆ? ಕ್ರೌರ್ಯ! ವಿಡಿಯೊ ಡಿಲೀಟ್, ಅಕೌಂಟ್ ಬಂದ್.

‘ವಿಡಿಯೊ ಹೋಗ್ಲಿ ಬಿಡ್ರಿ. ಮಂದಿ ನನ್ನ ಕಡೆ ಎತ್ತು ತರಾಕ ಹಿಂದ ಮುಂದ ನೋಡಿದ್ರ?’ ಎಂದರು ಕಾಕಾ. ಕಣ್ಣಲ್ಲಿ ನೀರಿತ್ತು.

ಕಂಪನಿಗೇ ಅಪೀಲು ಹಾಕಿದೆ. ಎರಡೇ ನಿಮಿಷ. ‘ಮರುಪರಿಶೀಲಿಸಿದ್ದೇವೆ, ನಮ್ಮ ನಿರ್ಧಾರ ಸರಿ’ ಎಂದು ಉತ್ತರ. ಕಾಕಾ ಗೊಣಗಿದರು: ‘ಬದುವಿನ ಜಗಳ ಬಿದ್ರ, ಬದು ಒತ್ತಿದಾಂವನ್ನ ಪಂಚರೊಳಗ ಕುಂದರಸ್ತಾರೇನ್ರಿ?’

ನ್ಯಾಯದ ಪ್ರಶ್ನೆ. ಪುಣ್ಯಕ್ಕೆ ಈಗ ಆನ್‌ಲೈನಿನಲ್ಲೂ ಪಂಚರಿದ್ದಾರೆ. ಕಂಪನಿಗೆ ಸೇರದ, ಸರಕಾರ ನೇಮಿಸಿದ ಮೇಲ್ಮನವಿ ಸಮಿತಿ. ಅರ್ಜಿ ತುಂಬಲು ಕೂತೆವು. ಕತ್ತರಿಸದ ಪೂರ್ತಿ ವಿಡಿಯೊ ತೋರಿಸಿ ಅಂದೆ.

ಅದರ ಕೊನೆಯಲ್ಲಿ ಕಾಕಾ ಹಗ್ಗ ಬಿಚ್ಚಿ, ಎತ್ತಿನ ಮೈ ತಿಕ್ಕಿ, ಬೆಲ್ಲ ತಿನ್ನಿಸುತ್ತ ‘ನೋವಾತೇನೋ ನನ್ನಪ್ಪಾ?’ ಎಂದು ಕೇಳುತ್ತಿದ್ದರು. ಎತ್ತು ಅವರ ಅಂಗೈ ನೆಕ್ಕುತ್ತಿತ್ತು.

‘ಇದನ್ಯಾಕ ಕಟ್ ಮಾಡಿದ್ರಿ ಕಾಕಾ?’

‘ಅದು ದಿನಾ ಇದ್ದದ್ದರಿ. ಅದರಾಗ ನೋಡೂದೇನೈತಿ?’

ಇಂಥವರನ್ನು ಏನು ಮಾಡೋಣ ಹೇಳಿ! ನನಗಂತೂ ಅಲ್ಲೇ ಅಪ್ಪಿಕೊಳ್ಳಬೇಕೆನಿಸಿತು.

ಮೊನ್ನೆ ಆದೇಶ ಬಂತು. ಸಮಿತಿ ಎರಡೂ ಕಡೆಯವರ ಮಾತು ಕೇಳಿ, ವಿಡಿಯೊ ಪೂರ್ತಿ ನೋಡಿ, ‘ಇದು ಕಸುಬು, ಹಿಂಸೆಯಲ್ಲ’ ಎಂದಿತ್ತು. ಅಕೌಂಟ್ ಮತ್ತೆ ಶುರು. ಕೇಸು ಗೆದ್ದ ವಕೀಲನ ಗತ್ತಿನಲ್ಲಿ ಸಂತೆಗೆ ಓಡಿದೆ.

ಲಾಳ ಬಡಿಯುತ್ತಲೇ ಕಾಕಾ ಎಲ್ಲ ಕೇಳಿಸಿಕೊಂಡರು. ‘ಛಲೋ ಆತ್ರಿ. ಪಂಚರು ದೊಡ್ಡ ಮನಸ್ಸಿನವ್ರು’ ಎಂದರು. ಆಮೇಲೆ ಸುತ್ತಿಗೆ ಕೆಳಗಿಟ್ಟು ಕೇಳಿದರು: ‘ಆದ್ರ ನನಗ ಕ್ರೂರಿ ಅಂದಾಂವ, ತಪ್ಪಾತು ಅಂದಾನೇನ್ರಿ?’

ಮೊಬೈಲನ್ನು ಮೇಲಿಂದ ಕೆಳಗಿನವರೆಗೆ ಜಾಲಾಡಿದೆ. ಕಂಪನಿಯವರು ಆ ಒಂದು ಮಾತನ್ನು ಎಲ್ಲಿ ಇಟ್ಟಿದ್ದಾರೆ, ನಿಮಗೇನಾದರೂ ಗೊತ್ತೇ?