ಉಮ್ಮನ ಮೂರು ಚಂದ್ರ

ನಾನು ಬೇರೆ ಗ್ರಹಗಳ ಕತೆ ಬರೆಯುವವಳು. ಕಾರ್ಕಳದ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ, ಬಸ್ಸಿನಲ್ಲಿ ಜೋತಾಡಿಕೊಂಡು ಕಾಪುವಿಗೆ ಬಂದು, ಚಹಾ ಕುಡಿದು ಬೇರೆ ಗ್ರಹಕ್ಕೆ ಹೊರಡುತ್ತೇನೆ. ಈ ಕಸುಬಿಗೆ ಊರಿನಲ್ಲಿ ಮರ್ಯಾದೆ ಅಷ್ಟಕ್ಕಷ್ಟೆ. ಉಡುಪಿಯ ಮದುವೆಯೊಂದರಲ್ಲಿ ದೂರದ ಸಂಬಂಧಿಯೊಬ್ಬರು ನಾನು ಎಂತದ್ದು ಬರೆಯುವುದು ಎಂದು ಕೇಳಿದರು. ಹೇಳಿದೆ. ಈ ಲೋಕದ್ದೆಲ್ಲ ಬರೆದು ಮುಗಿಯಿತಾ ಎಂದು ಕೇಳಿ, ಉತ್ತರಕ್ಕೂ ಕಾಯದೆ ಬಿರಿಯಾನಿಗೆ ಕೈ ಹಾಕಿದರು.

ಕತೆಗಳಲ್ಲಿ ಅನ್ಯಗ್ರಹದವರು ಯಾವಾಗಲೂ ದೊಡ್ಡ ಪಟ್ಟಣದಲ್ಲೇ ಇಳಿಯುತ್ತಾರೆ, ಜನ ದಿಕ್ಕಾಪಾಲಾಗಿ ಓಡುತ್ತಾರೆ. ಕಾಪುವಿನ ದೀಪಸ್ತಂಭದ ಬುಡದಲ್ಲಿ ಇಳಿದರೆ ಏನಾಗುತ್ತದೆಂದು ನನಗೆ ಗೊತ್ತುಂಟು. ಯಾರ ಮನೆಗೆ ಬಂದದ್ದು ಎಂದು ವಿಚಾರಿಸುತ್ತಾರೆ. ಆಮೇಲೆ ಗಾಡಿ ಸ್ವಲ್ಪ ಬದಿಗೆ ಇಡಿ ಎನ್ನುತ್ತಾರೆ. ಇಂಥ ಊರಿನಲ್ಲಿ ಕೂತು ನಾನು ಭಯ ಹುಟ್ಟಿಸುವ ಕಾದಂಬರಿ ಬರೆಯಬೇಕು.

ನನ್ನ ಕತೆಗಳನ್ನು ಮೊದಲು ಕೇಳುವವರು ನನ್ನ ತಾಯಿ, ಉಮ್ಮ. ಅವರಿಗೆ ಕನ್ನಡ ಓದಲು ಬಾರದು. ಬರೆದದ್ದನ್ನು ಸಂಜೆ ಜಗಲಿಯಲ್ಲಿ ಕೂತು ನಮ್ಮ ಮನೆಮಾತು ಬ್ಯಾರಿಯಲ್ಲಿ ಹೇಳುವುದು ನನ್ನ ಕೆಲಸ, ತಪ್ಪು ಹಿಡಿಯುವುದು ಅವರದು. ಹೊಸ ಕಾದಂಬರಿಯ ಗ್ರಹಕ್ಕೆ ಮೂರು ಚಂದ್ರರನ್ನು ಇಟ್ಟಿದ್ದೆ. ಮೂರೂ ಒಟ್ಟಿಗೆ ಹುಟ್ಟಿದ ದಿನ ಕಡಲು ಉಬ್ಬಿ ಬರುತ್ತದೆ, ಅಲ್ಲಿಯ ಜೀವಿಗಳು ಗುಡ್ಡ ಹತ್ತುತ್ತವೆ. ಲೆಕ್ಕಾಚಾರ ಮಾಡಿ ಮಾಡಿ ತಲೆ ಚಿಟ್ಟು ಹಿಡಿದಿತ್ತು. ಉಮ್ಮ ಕೇಳಿದ್ದು ಒಂದೇ ಪ್ರಶ್ನೆ.

"ಅವರು ಯಾವ ಚಂದ್ರ ನೋಡಿ ಉಪವಾಸ ಹಿಡಿಯುವುದು?"

ಅಲ್ಲಿ ಉಪವಾಸ ಇಲ್ಲ ಎಂದೆ. ಉಪವಾಸ ಇಲ್ಲದಿದ್ದರೂ ಹಬ್ಬ ಎಂತಾದರೂ ಇರಬೇಕಲ್ವಾ, ಮೂರು ಚಂದ್ರ ಇದ್ದರೆ ಮನೆಯಲ್ಲಿ ಒಬ್ಬರು ಇವತ್ತು ಹಬ್ಬ ಮಾಡುತ್ತಾರೆ, ಇನ್ನೊಬ್ಬರು ನಾಳೆ, ಅಡುಗೆಯವಳ ಗತಿ ಏನು ಎಂದರು. ಎರಡನ್ನು ತೆಗೆದುಬಿಡು ಎಂದು ಅಪ್ಪಣೆಯೂ ಆಯಿತು. ನನಗೆ ಉರಿದುಹೋಯಿತು. ಅದೇನು ಪಾಯಸದಲ್ಲಿ ಬಿದ್ದ ಇರುವೆಯೇ, ಎತ್ತಿ ಬಿಸಾಡಲಿಕ್ಕೆ?

ಚಂದ್ರನ ವಿಷಯದಲ್ಲಿ ಉಮ್ಮನ ಮಾತು ಮೀರುವುದು ಕಷ್ಟ. ಉಪವಾಸದ ತಿಂಗಳು ಮುಗಿಯುವ ಹೊತ್ತಿಗೆ ಕಡಲ ಮೇಲೆ ಕೂದಲಿನಷ್ಟು ತೆಳ್ಳಗೆ ಮೂಡುವ ಚಂದ್ರನನ್ನು ನಮ್ಮ ಓಣಿಯಲ್ಲಿ ಮೊದಲು ಕಾಣುವವರು ಅವರೇ. ನಾಳೆ ಪೆರ್ನಾಲ್ ಹಬ್ಬ ಎಂದು ಖಾಝಿಯವರ ಘೋಷಣೆ ಬರುವ ಮೊದಲೇ ಹೆಂಗಸರೆಲ್ಲ ಉಮ್ಮನ ಮುಖ ನೋಡಿ ಮಾಂಸ ತರಿಸುತ್ತಿದ್ದರು. ಕಳೆದ ವರ್ಷ ಮಾತ್ರ ಉಮ್ಮ ಮೋಡ ಉಂಟು, ಕಾಣುವುದಿಲ್ಲ ಎಂದು ಒಳಗೆ ಹೋಗಿಬಿಟ್ಟಿದ್ದರು. ಆವತ್ತು ಆಕಾಶದಲ್ಲಿ ಹುಡುಕಿದರೂ ಒಂದು ಮೋಡ ಇರಲಿಲ್ಲ.

ಮುಂದಿನ ವಾರ ನಾನು ಹಟಕ್ಕೆ ಬಿದ್ದು ಮೂರು ಚಂದ್ರರ ಅಧ್ಯಾಯವನ್ನೇ ಮತ್ತೆ ಹೇಳಿದೆ. ಎಷ್ಟು ಬಣ್ಣ ಕಟ್ಟಿದರೂ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ತೆಂಗಿನಮರದ ಮೇಲಿದ್ದ ಅರ್ಧ ಚಂದ್ರನ ಕಡೆ ಗದ್ದ ಎತ್ತಿ ತೋರಿಸಿ, "ಇದರಲ್ಲಿ ಎಂತ ಹೊಸತು? ಇಲ್ಲಿಯೂ ಮೂರೇ ಇರುವುದು" ಎಂದರು.

ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ. ನಡುವಿನದ್ದು ಗಟ್ಟಿ, ಆಚೀಚೆಯ ಎರಡು ಸ್ವಲ್ಪ ಮಾಸಿದ್ದು ಎಂದು ವಿವರಿಸಿದರು. ಪ್ರಾಯ ಆದವರಿಗೆ ಎಲ್ಲ ಹಾಗೆಯೇ ಕಾಣುವುದು ಎಂದು ಸುಮ್ಮನಿದ್ದರಂತೆ. ಹೇಳಿದರೆ ಮತ್ತೆ ಅವರ ಚಂದ್ರನನ್ನು ಓಣಿಯಲ್ಲಿ ಯಾರು ನಂಬುತ್ತಾರೆ? ಯಾವ ಚಂದ್ರ ನೋಡಿ ಉಪವಾಸ ಹಿಡಿಯುವುದು ಎಂದು ಅವರು ಕೇಳಿದ್ದು ನನ್ನ ಗ್ರಹದ ಬಗ್ಗೆ ಅಲ್ಲ. ಅದು ಗೊತ್ತಾದಾಗ ನನಗೆ ಅಳು ಬಂತು, ಭೌತಶಾಸ್ತ್ರ ಕಲಿತದ್ದಕ್ಕೆ ನಾಚಿಕೆಯೂ ಆಯಿತು.

ಮಣಿಪಾಲದ ಡಾಕ್ಟರು ಕಣ್ಣಿಗೆ ಪೊರೆ ಬಂದಿದೆ, ಒಂದೊಂದಾಗಿ ಎರಡೂ ಕಣ್ಣಿಗೆ ಆಪರೇಷನ್ ಮಾಡೋಣ ಎಂದರು. ಉಮ್ಮ ಸುತಾರಾಂ ಒಪ್ಪಲಿಲ್ಲ. ಬಸ್ಸಿನಲ್ಲಿ ಬರುವಾಗ ನನ್ನ ಕೈ ಹಿಡಿದುಕೊಂಡು, "ಮೂರಾದರೂ ಕಾಣ್ತಾ ಉಂಟು. ಒಂದೂ ಇಲ್ಲದ ಹಾಗೆ ಆದರೆ?" ಎಂದರು. ಗಂಡಸರ ಮೇಲೂ ಜೋರು ಮಾಡುವ ಹೆಂಗಸು, ಕಾಪು ಬರುವವರೆಗೂ ನನ್ನ ಕೈ ಬಿಡಲಿಲ್ಲ.

ನಾನು ಸಮಾಧಾನ ಹೇಳಿದೆ, ಬೈದೆ, ಊಟ ಬಿಟ್ಟೆ. ಯಾವುದೂ ನಡೆಯಲಿಲ್ಲ. ಕೊನೆಗೆ, ನೀವು ಆಪರೇಷನ್ ಮಾಡಿಸಿಕೊಳ್ಳಿ, ನಾನು ಕಾದಂಬರಿಯಿಂದ ಎರಡು ಚಂದ್ರ ತೆಗೆಯುತ್ತೇನೆ ಎಂದೆ. ಯಾವ ಎರಡು ಎಂದು ಉಮ್ಮ ಕೇಳಿದರು. ಮಾಸಿದ ಎರಡು ಎಂದೆ. ಒಪ್ಪಿದರು.

ಉಮ್ಮನ ಎರಡೂ ಕಣ್ಣಿನ ಆಪರೇಷನ್ ಆಯಿತು, ಕೊಟ್ಟ ಮಾತಿನಂತೆ ನಾನೂ ಚಂದ್ರರನ್ನು ತೆಗೆದೆ. ಚಂದ್ರರು ಹೋದದ್ದೇ ಕಡಲು ಉಬ್ಬಲಿಲ್ಲ. ಕಡಲು ಉಬ್ಬದೆ ಜೀವಿಗಳು ಗುಡ್ಡ ಹತ್ತಲಿಲ್ಲ. ಗುಡ್ಡದ ಮೇಲೆ ಆಗಬೇಕಿದ್ದ ಯುದ್ಧ, ಪ್ರೇಮ ಎಲ್ಲ ನೀರುಪಾಲಾದವು. ಉಳಿದದ್ದು ಆರು ಕಾಲಿನ ಒಂದಷ್ಟು ಜೀವಿಗಳು, ದಂಡೆಯಲ್ಲಿ ಕೂತು ಹರಟೆ ಹೊಡೆಯುತ್ತಿದ್ದವು. ಕಾಪುವಿನ ಸಂಜೆಗೂ ಅದಕ್ಕೂ ಏನೂ ವ್ಯತ್ಯಾಸ ಇರಲಿಲ್ಲ.

ಈ ವರ್ಷದ ಉಪವಾಸದ ಕೊನೆಯ ಸಂಜೆ ಉಮ್ಮನನ್ನು ಕಡಲ ದಂಡೆಗೆ ಕರೆದುಕೊಂಡು ಹೋದೆ. ಓಣಿಯ ಹೆಂಗಸರೂ ಹಿಂದೆಯೇ ಬಂದಿದ್ದರು. ಸೂರ್ಯ ಮುಳುಗಿದ. ನನಗೆ ಏನೂ ಕಾಣಲಿಲ್ಲ. ಉಮ್ಮ ಕೈ ಚಾಚಿ, ಅಗೋ ಎಂದರು. ಬೆರಳಿನ ನೇರಕ್ಕೆ ಹುಡುಕಿದ ಮೇಲೆ ನನಗೂ ಕಂಡಿತು. ಹೆಂಗಸರು ಮಾಂಸಕ್ಕೆ ಫೋನ್ ಮಾಡಲು ಶುರುಮಾಡಿದರು.

ಎಷ್ಟು ಉಂಟು ಎಂದು ಕೇಳಿದೆ.

"ಒಂದೇ."

ಆ ಮಾತಿನಲ್ಲಿ ಖುಷಿ ಇತ್ತು, ಆದರೆ ಪೂರ್ತಿ ಇರಲಿಲ್ಲ. ಮನೆಗೆ ತಿರುಗುವಾಗ ಉಮ್ಮ ಎರಡು ಸಲ ನಿಂತು ಹಿಂದೆ ನೋಡಿದರು. ಮೂರನೆಯ ಸಲ ನಿಂತಾಗ, ಪುಸ್ತಕದಿಂದ ತೆಗೆದು ಆಯಿತಾ ಎಂದು ಕೇಳಿದರು. ಆಯಿತು ಎಂದೆ.

"ಪುನಃ ಹಾಕು ಮಾರಾಯ್ತಿ. ಇಲ್ಲಿಯದ್ದು ಹೋಯಿತು, ಅಲ್ಲಿಯಾದರೂ ಇರಲಿ. ಚಂದ ಇತ್ತು."

ಹಾಗಾದರೆ ಅಲ್ಲಿಯವರ ಹಬ್ಬ ಹೇಗೆ ಎಂದು ಕೇಳಿದೆ.

"ಮೂರು ಮಾಡಲಿ," ಎಂದರು ಉಮ್ಮ. "ಅಡುಗೆ ಮಾಡುವುದು ನಾವಾ?"